ಮಗುವಿನ ಹಾಲುಹಲ್ಲುಗಳ ಆಕಾರವನ್ನು ಗಮನಿಸಿರಿ

ಪೀಠಿಕೆ

ಮಗುವಿನ ಬಾಯಲ್ಲಿ ಮೊದಲ ಹಲ್ಲು ಕಾಣಿಸಿಕೊಂಡ ದಿನ ಮನೆಯವರಿಗೆಲ್ಲ ಸಂತೋಷದ ದಿನ. ಅಜ್ಜಿ ಒಸಡನ್ನು ಬೆರಳಿನಿಂದ ಮುಟ್ಟಿ ನೋಡುತ್ತಾಳೆ; ತಾಯಿ ನೆರೆಯವರಿಗೆ ಹೇಳುತ್ತಾಳೆ. ಆದರೆ ಅನಂತರ ಒಂದೊಂದಾಗಿ ಮೂಡುವ ಹಲ್ಲುಗಳನ್ನು ಗಮನವಿಟ್ಟು ನೋಡುವವರು ಕಡಿಮೆ. ಹಾಲುಹಲ್ಲು ಹೇಗಿದ್ದರೂ ಬಿದ್ದುಹೋಗುವಂಥದು, ಅದರ ಚಿಂತೆ ಏಕೆ ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಸರಿಯಲ್ಲ. ಹಾಲುಹಲ್ಲು ಬೀಳುವುದು ನಿಜ. ಆದರೆ ಬೀಳುವವರೆಗೆ, ಅಂದರೆ ಆರರಿಂದ ಹನ್ನೆರಡು ವರ್ಷ ವಯಸ್ಸಿನವರೆಗೆ, ಮಗು ಉಣ್ಣುವುದೂ ಮಾತು ಕಲಿಯುವುದೂ ಈ ಹಲ್ಲುಗಳಿಂದಲೇ. ಮುಂದೆ ಬರುವ ಶಾಶ್ವತ ಹಲ್ಲಿಗೆ ಸ್ಥಳವನ್ನು ಕಾದಿಡುವುದೂ ಇವೇ.

ಬಹುಪಾಲು ಮಕ್ಕಳ ಹಾಲುಹಲ್ಲುಗಳು ಎಲ್ಲರಂತೆಯೇ ಇರುತ್ತವೆ. ಕೆಲವೇ ಮಕ್ಕಳಲ್ಲಿ ಎರಡು ಹಲ್ಲುಗಳು ಒಂದಾಗಿ ಕೂಡಿಕೊಂಡಿರುತ್ತವೆ, ಅಥವಾ ಹಲ್ಲು ಮೊಳೆಯಂತೆ ಚೂಪಾಗಿರುತ್ತದೆ, ಅಥವಾ ಹಲ್ಲಿನ ಹಿಂಬದಿಯಲ್ಲಿ ಕೊಕ್ಕೆಯಂಥ ಉಬ್ಬು ಇರುತ್ತದೆ. ಇವು ವಿರಳ. ಮೊದಲು ಯಾವ ನೋವನ್ನೂ ಕೊಡುವುದಿಲ್ಲ. ಆದ್ದರಿಂದಲೇ ತಂದೆತಾಯಿಗಳು ಸುಮ್ಮನಿದ್ದುಬಿಡುತ್ತಾರೆ. ನೋವು ಬಂದ ಮೇಲೆ ಹೋದರೆ ಹಲ್ಲು ಉಳಿಯುವ ಕಾಲ ಮೀರಿರಬಹುದು. ಕೆಲವು ಸಂದರ್ಭಗಳಲ್ಲಿ ಹಲ್ಲಿನ ಆಕಾರವು ಮಗುವಿನ ಶರೀರದ ಬೇರೊಂದು ದೋಷವನ್ನು ಸೂಚಿಸುತ್ತದೆ. ಅಂಥಲ್ಲಿ ಹಲ್ಲನ್ನು ನೋಡಿ ಅರಿತುಕೊಂಡರೆ ಮಗುವಿನ ಪ್ರಾಣಕ್ಕೇ ರಕ್ಷಣೆ.

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯ ಹಳ್ಳಿಗಳಲ್ಲಿ ವಾಸಿಸುವ ದಂಪತಿಗಳು ಮನೆಯಲ್ಲಿಯೇ ಈ ದೋಷಗಳನ್ನು ಹೇಗೆ ಗುರುತಿಸಬಹುದು, ಗುರುತಿಸಿದ ಮೇಲೆ ಏನು ಮಾಡಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಸಲಾಗಿದೆ.

ಆಕಾರವು ಗರ್ಭದಲ್ಲಿಯೇ ನಿರ್ಧಾರವಾಗುತ್ತದೆ

ಹಲ್ಲು ಮೂಡುವುದು ಮಗುವಿಗೆ ಆರೇಳು ತಿಂಗಳಾದ ಮೇಲೆ. ಆದರೆ ಅದರ ಮೊಳಕೆ ಬಹಳ ಹಿಂದೆಯೇ ಹುಟ್ಟಿರುತ್ತದೆ. ಗರ್ಭ ನಿಂತ ಸುಮಾರು ಆರನೆಯ ವಾರದಲ್ಲಿ ಶಿಶುವಿನ ದವಡೆಯಲ್ಲಿ ಹಾಲುಹಲ್ಲಿನ ಮೊಳಕೆಗಳು ಆರಂಭವಾಗುತ್ತವೆ. ನಾಲ್ಕನೆಯ ತಿಂಗಳ ಹೊತ್ತಿಗೆ ಅವು ಗಟ್ಟಿಯಾಗತೊಡಗುತ್ತವೆ. ಬೀಜದೊಳಗೆ ಎಲೆಯ ರೂಪ ಅಡಗಿರುವಂತೆ ಹಲ್ಲಿನ ರೂಪವೂ ಆ ಕಾಲಕ್ಕೇ ಸಿದ್ಧವಾಗುತ್ತದೆ.

ಅಕ್ಕಪಕ್ಕದ ಎರಡು ಮೊಳಕೆಗಳು ಬೆಳೆಯುವಾಗ ಕೂಡಿಕೊಂಡರೆ ಎರಡು ಹಲ್ಲು ಒಂದಾಗುತ್ತವೆ. ಒಂದೇ ಮೊಳಕೆ ಎರಡಾಗಲು ಹೊರಟು ಅರ್ಧಕ್ಕೆ ನಿಂತರೆ ಒಂದು ಹಲ್ಲಿಗೆ ಎರಡು ತಲೆ ಬರುತ್ತದೆ. ಮೊಳಕೆಯ ಒಂದು ಭಾಗ ಹೊರಕ್ಕೆ ಬಾಗಿದರೆ ಕೊಕ್ಕೆಯಂಥ ಉಬ್ಬು ಬೆಳೆಯುತ್ತದೆ. ವಂಶದಿಂದ ಬಂದ ಗುಣವೂ ಕೆಲವೊಮ್ಮೆ ಇದಕ್ಕೆ ಕಾರಣ. ಗರ್ಭಿಣಿಯು ಗ್ರಹಣದಲ್ಲಿ ಹೊರಗೆ ಬಂದಳೆಂದಾಗಲಿ, ಏನನ್ನೋ ಕತ್ತರಿಸಿದಳೆಂದಾಗಲಿ ಹಲ್ಲಿನ ಆಕಾರ ಕೆಡುವುದಿಲ್ಲ. ಆದ್ದರಿಂದ ಇದಕ್ಕಾಗಿ ತಾಯಿಯನ್ನು ದೂರುವುದು ಅನ್ಯಾಯ.

ಇಪ್ಪತ್ತರ ಲೆಕ್ಕ

ಹಾಲುಹಲ್ಲುಗಳು ಒಟ್ಟು 20. ಮೇಲೆ 10, ಕೆಳಗೆ 10. ಪ್ರತಿ ಸಾಲಿನಲ್ಲಿಯೂ ಮುಂದೆ 4 ಬಾಚಿಹಲ್ಲು, ಅವುಗಳ ಎರಡು ಬದಿಗೆ 2 ಕೋರೆಹಲ್ಲು, ಹಿಂದೆ 4 ದವಡೆಹಲ್ಲು. ಅವು ಮೂಡುವ ಕ್ರಮ ಸಾಮಾನ್ಯವಾಗಿ ಹೀಗಿದೆ:

6ರಿಂದ 10 ತಿಂಗಳು: ಕೆಳಗಿನ ನಡುವಣ ಎರಡು ಬಾಚಿಹಲ್ಲು.
8ರಿಂದ 12 ತಿಂಗಳು: ಮೇಲಿನ ನಡುವಣ ಎರಡು ಬಾಚಿಹಲ್ಲು.
9ರಿಂದ 16 ತಿಂಗಳು: ಬದಿಯ ಬಾಚಿಹಲ್ಲುಗಳು.
13ರಿಂದ 19 ತಿಂಗಳು: ಮೊದಲ ದವಡೆಹಲ್ಲುಗಳು.
16ರಿಂದ 23 ತಿಂಗಳು: ಕೋರೆಹಲ್ಲುಗಳು.
23ರಿಂದ 33 ತಿಂಗಳು: ಎರಡನೆಯ ದವಡೆಹಲ್ಲುಗಳು.

ಒಂದೆರಡು ತಿಂಗಳು ಹೆಚ್ಚು ಕಡಿಮೆಯಾದರೆ ಗಾಬರಿ ಬೇಡ. ಮೇಲಿನ ಹಲ್ಲು ಮೊದಲು ಬಂದರೂ ದೋಷವಿಲ್ಲ. ಆದರೆ ಹದಿನೆಂಟು ತಿಂಗಳಾದರೂ ಒಂದು ಹಲ್ಲೂ ಮೂಡದಿದ್ದರೆ, ಅಥವಾ ಮೂರು ವರ್ಷ ತುಂಬಿದರೂ ಇಪ್ಪತ್ತರ ಲೆಕ್ಕ ಕೂಡದಿದ್ದರೆ, ವೈದ್ಯರಿಗೆ ತೋರಿಸತಕ್ಕದ್ದು.

ಮನೆಯಲ್ಲಿ ಪರೀಕ್ಷಿಸುವ ಕ್ರಮ

ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಹಗಲಿನ ಬೆಳಕು ಸಾಕು. ಆದರೆ ಗಂಡಹೆಂಡತಿ ಇಬ್ಬರೂ ಬೇಕು.

ಪಡಸಾಲೆಯಲ್ಲಿ ಇಬ್ಬರೂ ಎದುರುಬದುರಾಗಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತುಕೊಳ್ಳಿರಿ. ಮಗುವಿನ ತಲೆ ಒಬ್ಬರ ತೊಡೆಯ ಮೇಲೆ, ಕಾಲು ಇನ್ನೊಬ್ಬರ ಕಡೆಗೆ ಇರುವಂತೆ ಅಂಗಾತ ಮಲಗಿಸಿರಿ. ಕಾಲಿನ ಕಡೆ ಕುಳಿತವರು ಮಗುವಿನ ಕೈಗಳನ್ನು ಮೃದುವಾಗಿ ಹಿಡಿದು ಮಾತನಾಡಿಸುತ್ತಿರಲಿ. ತಲೆಯ ಕಡೆ ಕುಳಿತವರು ಕೈ ತೊಳೆದುಕೊಂಡು, ಮೊದಲು ಮೇಲ್ದುಟಿಯನ್ನೂ ಆಮೇಲೆ ಕೆಳದುಟಿಯನ್ನೂ ಎತ್ತಿ ನೋಡಲಿ. ಅನಂತರ ಬಾಯಿ ತೆರೆಯಿಸಿ ಹಲ್ಲುಗಳ ಹಿಂಬದಿಯನ್ನು ನೋಡಲಿ. ಬೆರಳನ್ನು ಹಿಂಬದಿಯ ಮೇಲೆ ಮೆಲ್ಲಗೆ ಆಡಿಸಲಿ.

ನೋಡಬೇಕಾದ ಸಂಗತಿಗಳು ನಾಲ್ಕು:

1. ಎಣಿಕೆ ಸರಿಯಿದೆಯೆ?
2. ಎಡಬದಿಯ ಹಲ್ಲಿಗೂ ಬಲಬದಿಯ ಅದೇ ಹಲ್ಲಿಗೂ ಆಕಾರದಲ್ಲಿ ಹೋಲಿಕೆಯಿದೆಯೆ?
3. ಯಾವುದಾದರೂ ಹಲ್ಲು ಅತಿ ಅಗಲವಾಗಿ, ಅತಿ ಸಣ್ಣದಾಗಿ ಅಥವಾ ಚೂಪಾಗಿ ಇದೆಯೆ?
4. ಹಲ್ಲಿನ ಮೇಲೆ ಸೀಳುಗೆರೆ, ಗುಳಿ ಅಥವಾ ಉಬ್ಬು ಇದೆಯೆ?

ಹುಟ್ಟಿನಿಂದ ಬಂದ ಆಕಾರವನ್ನು ಆಮೇಲೆ ಆದ ಹಾನಿಯೊಡನೆ ಬೆರೆಸಬಾರದು. ಬಿದ್ದು ಮುರಿದ ಹಲ್ಲಿನ ಅಂಚು ಒರಟಾಗಿರುತ್ತದೆ. ಹುಳುಕು ಹಿಡಿದ ಹಲ್ಲಿನಲ್ಲಿ ಕಂದು ಅಥವಾ ಕಪ್ಪು ಬಣ್ಣವಿರುತ್ತದೆ. ಅದು ದಿನದಿನಕ್ಕೆ ಹೆಚ್ಚುತ್ತದೆ. ಹುಟ್ಟಿನ ಆಕಾರವಾದರೋ ಹಲ್ಲು ಮೂಡಿದ ದಿನದಿಂದ ಹಾಗೆಯೇ ಇರುತ್ತದೆ, ಮೇಲ್ಮೈ ನುಣುಪಾಗಿರುತ್ತದೆ.

ಎಂದು ನೋಡಬೇಕೆಂಬುದನ್ನು ಮರೆಯದಿರಲು ಒಂದು ಉಪಾಯವಿದೆ. ಮಗುವಿಗೆ 9 ತಿಂಗಳಿಗೆ ದಡಾರ-ರುಬೆಲ್ಲಾ ಲಸಿಕೆ, 16ರಿಂದ 24 ತಿಂಗಳೊಳಗೆ ಅದರ ಎರಡನೆಯ ವರಸೆ, 5ರಿಂದ 6 ವರ್ಷಕ್ಕೆ ಮತ್ತೊಂದು ಲಸಿಕೆ ಹಾಕಿಸುತ್ತೀರಿ. ಲಸಿಕೆಯ ವಾರದಲ್ಲಿಯೇ ಹಲ್ಲನ್ನೂ ನೋಡಿರಿ. ನಡುವೆ ಮೂರನೆಯ ಹುಟ್ಟುಹಬ್ಬದಂದು ಇಪ್ಪತ್ತನ್ನು ಎಣಿಸಿರಿ.

ಜೋಡಿಹಲ್ಲು

ಹಾಲುಹಲ್ಲಿನ ಆಕಾರದೋಷಗಳಲ್ಲಿ ಹೆಚ್ಚಾಗಿ ಕಾಣುವುದು ಇದು. ಹೆಚ್ಚಾಗಿ ಎಂದರೂ, ಬೇರೆಬೇರೆ ದೇಶಗಳಲ್ಲಿ ಎಣಿಸಿ ನೋಡಿದಾಗ ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಅರ್ಧದಿಂದ ಎರಡೂವರೆಯಷ್ಟು ಮಾತ್ರ. ಜಪಾನಿನ ಮಕ್ಕಳಲ್ಲಿ ಇದು ಇನ್ನೂ ಸ್ವಲ್ಪ ಹೆಚ್ಚು. ಬಾಯಿಯ ಮುಂಭಾಗದಲ್ಲಿ, ಅದರಲ್ಲಿಯೂ ಕೆಳಸಾಲಿನಲ್ಲಿ, ಒಂದು ಹಲ್ಲು ಎರಡರಷ್ಟು ಅಗಲವಾಗಿ, ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆಯೊಡನೆ ಕಾಣಿಸುತ್ತದೆ. ಮೂರು ಹಲ್ಲುಗಳು ಒಂದಾಗಿರುವುದೂ ಉಂಟು. ಅದು ಅತಿ ವಿರಳ.

ಇದನ್ನು ಕಂಡಾಗ ಎಣಿಸಿರಿ. ಉದಾಹರಣೆಗೆ, ಮೂರು ವರ್ಷದ ಮಗುವಿನ ಕೆಳಸಾಲಿನಲ್ಲಿ ಅಗಲವಾದ ಹಲ್ಲನ್ನು ಒಂದೇ ಎಂದು ಹಿಡಿದು ಎಣಿಸಿದಾಗ 9 ಬಂದಿತೆನ್ನಿರಿ. ಆಗ ಎರಡು ಹಲ್ಲುಗಳು ಕೂಡಿ ಒಂದಾಗಿವೆಯೆಂದು ತಿಳಿಯಬೇಕು. 10 ಬಂದರೆ ಸಾಮಾನ್ಯವಾಗಿ ಒಂದೇ ಹಲ್ಲು ಎರಡಾಗಲು ಹೊರಟು ನಿಂತಿದೆಯೆಂದು ಅರ್ಥ. ಈ ಲೆಕ್ಕವನ್ನು ವೈದ್ಯರಿಗೆ ಹೇಳಿದರೆ ಅವರ ಕೆಲಸ ಅರ್ಧ ಮುಗಿದಂತೆ.

ಜೋಡಿಹಲ್ಲಿನಿಂದ ಮೂರು ತೊಂದರೆಗಳಾಗಬಹುದು.

ಮೊದಲನೆಯದು ಹುಳುಕು. ನಡುವಿನ ಗೆರೆಯಲ್ಲಿ ಅನ್ನದ ಅಗುಳು, ಬೆಲ್ಲದ ಅಂಟು, ಬಿಸ್ಕತ್ತಿನ ಪುಡಿ ಸೇರಿಕೊಂಡು ಕೂಡುತ್ತವೆ. ಕುಂಚ ಅಲ್ಲಿಗೆ ತಲುಪುವುದು ಕಷ್ಟ. ಗೆರೆಯ ಬುಡದಿಂದ ಹುಳುಕು ಆರಂಭವಾಗಿ ಒಳಗಿನ ನರದವರೆಗೆ ಹೋಗುತ್ತದೆ. ಹುಳುಕು ಹಿಡಿಯುವ ಮೊದಲೇ ದಂತವೈದ್ಯರು ಆ ಗೆರೆಯನ್ನು ಶುಚಿಗೊಳಿಸಿ ತೆಳುವಾದ ಲೇಪದಿಂದ ಮುಚ್ಚಬಲ್ಲರು. ಇದರಲ್ಲಿ ಕೊಯ್ತವಿಲ್ಲ, ಚುಚ್ಚುವುದಿಲ್ಲ, ನೋವಿಲ್ಲ.

ಎರಡನೆಯದು ಬೀಳುವ ಕಾಲದ ತೊಂದರೆ. ಜೋಡಿಹಲ್ಲಿನ ಬೇರು ದೊಡ್ಡದಾಗಿರುವುದರಿಂದ ಅದು ಸಕಾಲಕ್ಕೆ ಸಡಿಲವಾಗದೆ ನಿಂತು, ಶಾಶ್ವತ ಹಲ್ಲು ಓರೆಯಾಗಿ ಬರುವಂತೆ ಮಾಡಬಹುದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಎರಡು ಹಾಲುಹಲ್ಲುಗಳು ಕೂಡಿರುವಲ್ಲಿ ಕೆಳಗೆ ಬರಬೇಕಾದ ಎರಡು ಶಾಶ್ವತ ಹಲ್ಲುಗಳಲ್ಲಿ ಒಂದು ಹುಟ್ಟದೆಯೇ ಇರಬಹುದು. ಬದಿಯ ಬಾಚಿಹಲ್ಲು ಕೋರೆಹಲ್ಲಿನೊಡನೆ ಕೂಡಿದ್ದರೆ ಇದರ ಸಂಭವ ಹೆಚ್ಚು. ಐದಾರು ವರ್ಷದ ಹೊತ್ತಿಗೆ ಒಂದು ಎಕ್ಸ್-ರೇ ತೆಗೆಸಿದರೆ ಇದು ಗೊತ್ತಾಗುತ್ತದೆ. ಹಲ್ಲಿನ ಸಾಲನ್ನು ಹೇಗೆ ಸರಿಪಡಿಸಬೇಕೆಂದು ವೈದ್ಯರು ಮುಂಚಿತವಾಗಿ ಯೋಚಿಸಬಲ್ಲರು. ಹಲ್ಲು ಬಿದ್ದು, ಹೊಸದು ಬಾರದೆ, ವರ್ಷಗಟ್ಟಲೆ ಕಾದು ಮದುವೆಯ ವಯಸ್ಸಿನಲ್ಲಿ ಚಿಂತಿಸುವುದಕ್ಕಿಂತ ಇದು ಎಷ್ಟೋ ಮೇಲು.

ಹದ್ದಿನ ಉಗುರಿನಂಥ ಉಬ್ಬು

ಕೆಲವು ಮಕ್ಕಳ ಬಾಚಿಹಲ್ಲಿನ ಹಿಂಬದಿಯಲ್ಲಿ ಒಸಡಿನ ಕಡೆಯಿಂದ ಅಂಚಿನ ಕಡೆಗೆ ಬಾಗಿದ ಒಂದು ಕೊಕ್ಕೆಯಿರುತ್ತದೆ. 1892ರಲ್ಲಿ ಮಿಚೆಲ್ ಎಂಬ ದಂತವೈದ್ಯರು ಇದನ್ನು ಮೊದಲು ವರ್ಣಿಸಿದರು. 1970ರಲ್ಲಿ ಮೆಲ್ಲರ್ ಮತ್ತು ರಿಪಾ ಎಂಬವರು ಹದ್ದಿನ ಉಗುರಿನ ಹೋಲಿಕೆಯಿಂದ ಇದಕ್ಕೆ ಹೆಸರಿಟ್ಟರು. ಶಾಶ್ವತ ಹಲ್ಲುಗಳಿಗಿಂತ ಹಾಲುಹಲ್ಲುಗಳಲ್ಲಿ ಇದು ವಿರಳ. ಬಂದರೆ ಹೆಚ್ಚಾಗಿ ಮೇಲಿನ ನಡುವಣ ಬಾಚಿಹಲ್ಲಿನಲ್ಲಿ.

ಮುಂದಿನಿಂದ ನೋಡಿದರೆ ಹಲ್ಲು ಸರಿಯಾಗಿಯೇ ಕಾಣುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಹಿಂಬದಿಯ ಮೇಲೆ ಬೆರಳಾಡಿಸಬೇಕೆಂದು ಹೇಳಿದುದು ಇದಕ್ಕಾಗಿಯೇ. ಕೊಕ್ಕೆ ಉದ್ದವಾಗಿದ್ದರೆ ಕೆಳಗಿನ ಹಲ್ಲು ಅದಕ್ಕೆ ತಾಗುತ್ತದೆ. ಬಾಯಿ ಸರಿಯಾಗಿ ಮುಚ್ಚುವುದಿಲ್ಲ. ನಾಲಿಗೆ ಗೀರಿ ಹುಣ್ಣಾಗುತ್ತದೆ. ಮಗು ರೊಟ್ಟಿಯನ್ನು ಬದಿಯಿಂದ ಕಚ್ಚುವುದು, ಊಟಕ್ಕೆ ಹಟಮಾಡುವುದು ಇದರ ಲಕ್ಷಣವಿರಬಹುದು.

ಇದನ್ನು ಮನೆಯಲ್ಲಿಯಾಗಲಿ, ಅರಿಯದವರ ಕೈಯಲ್ಲಿಯಾಗಲಿ ಅರದಿಂದ ಉಜ್ಜಿಸಕೂಡದು. ಕೊಕ್ಕೆಯೊಳಗೆ ನರ ಚಾಚಿಕೊಂಡಿರಬಹುದು. ಒಮ್ಮೆಗೇ ಸವೆಸಿದರೆ ನರ ತೆರೆದು ಕೀವಾಗುತ್ತದೆ. ದಂತವೈದ್ಯರು ಕೆಲವು ವಾರಗಳಿಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಸವೆಸಿ, ಒಳಗಿನ ನರ ಹಿಂದೆ ಸರಿಯಲು ಕಾಲಾವಕಾಶ ಕೊಡುತ್ತಾರೆ. ಆದ್ದರಿಂದ ಅವರು ಹೇಳಿದ ದಿನ ತಪ್ಪದೆ ಹೋಗತಕ್ಕದ್ದು.

ಮೊಳೆಯಂಥ ಹಲ್ಲು: ಹಲ್ಲು, ಕೂದಲು, ಬೆವರು

ಒಂದು ಹಲ್ಲು ಮಾತ್ರ ಸಣ್ಣದಾಗಿ ಚೂಪಾಗಿದ್ದರೆ ಹೆಚ್ಚಿನ ಭಯವಿಲ್ಲ. ವೈದ್ಯರಿಗೆ ಒಮ್ಮೆ ತೋರಿಸಿದರೆ ಸಾಕು. ಆದರೆ ಮುಂದಿನ ಹಲ್ಲುಗಳೆಲ್ಲ ಮೊಳೆಯಂತೆ ಚೂಪಾಗಿ, ಎಣಿಕೆಯಲ್ಲಿಯೂ ಬಹಳ ಕಡಿಮೆಯಿದ್ದರೆ, ಮಗುವಿನ ತಲೆಯನ್ನೂ ಚರ್ಮವನ್ನೂ ನೋಡಿರಿ. ಕೂದಲು ತೆಳುವಾಗಿ ವಿರಳವಾಗಿದೆಯೆ? ಹುಬ್ಬು ಅತಿ ತೆಳುವೆ? ಚರ್ಮ ಒಣಗಿದೆಯೆ? ಬಿಸಿಲಿನಲ್ಲಿಯೂ ಮಗು ಬೆವರುವುದಿಲ್ಲವೆ? ಕಾರಣವಿಲ್ಲದೆ ಮೇಲಿಂದ ಮೇಲೆ ಮೈ ಸುಡುತ್ತದೆಯೆ?

ಹಲ್ಲು, ಕೂದಲು, ಬೆವರಿನ ಗ್ರಂಥಿ ಈ ಮೂರೂ ಗರ್ಭದಲ್ಲಿ ಹೊರಪದರದಿಂದಲೇ ಬೆಳೆಯುತ್ತವೆ. ಆ ಪದರದ ಬೆಳವಣಿಗೆಯಲ್ಲಿ ದೋಷವಾದರೆ ಮೂರರಲ್ಲಿಯೂ ಕೊರತೆ ಕಾಣುತ್ತದೆ. ಇದು ಹೊಸ ಸಂಗತಿಯಲ್ಲ. ಈಗ ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತದ ಒಂದು ಹಿಂದೂ ಕುಟುಂಬದ ಬಗೆಗೆ ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1875ರಲ್ಲಿಯೇ ಬರೆದಿದ್ದಾನೆ. ಆ ಕುಟುಂಬದ ನಾಲ್ಕು ತಲೆಮಾರುಗಳಲ್ಲಿ ಹತ್ತು ಮಂದಿ ಗಂಡಸರಿಗೆ ಕೆಲವೇ ಹಲ್ಲುಗಳಿದ್ದವು. ಮುಂದಿನವು ಸಣ್ಣವೂ ದುರ್ಬಲವೂ ಆಗಿದ್ದವು. ಮೈಮೇಲೆ ಕೂದಲು ಅತಿ ಕಡಿಮೆ. ಬೇಸಿಗೆಯಲ್ಲಿ ಚರ್ಮ ಒಣಗಿ ಬಹಳ ಕಷ್ಟಪಡುತ್ತಿದ್ದರು. ಹೆಣ್ಣುಮಕ್ಕಳಲ್ಲಿ ದೋಷ ಕಾಣಿಸಿರಲಿಲ್ಲ. ಆದರೆ ಅವರ ಮೂಲಕ ಅವರ ಗಂಡುಮಕ್ಕಳಿಗೆ ಬರುತ್ತಿತ್ತು. ಇಂಥ ಕುಟುಂಬಗಳ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಒಂದೆರಡು ಚೂಪು ಹಲ್ಲು ಇರಬಹುದೆಂದು ಈಗ ತಿಳಿದಿದೆ.

ಬೆವರದ ಮೈ ತನ್ನ ತಾಪವನ್ನು ಹೊರಹಾಕಲಾರದು. ನಮ್ಮ ಸೀಮೆಯ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಇಂಥ ಮಗುವನ್ನು ಹೊಲದ ಬದುವಿನ ಮೇಲೆ ಮಲಗಿಸಿದರೆ, ಅಥವಾ ಜ್ವರವೆಂದು ಕಂಬಳಿ ಹೊದಿಸಿದರೆ, ಮೈತಾಪ ಏರಿ ಸೆಳವು ಬರಬಹುದು, ಪ್ರಾಣವೂ ಹೋಗಬಹುದು. ಇಂಥ ಮಗುವನ್ನು ನೆರಳಿನಲ್ಲಿರಿಸಿರಿ. ತೆಳುವಾದ ಹತ್ತಿಬಟ್ಟೆ ಹಾಕಿ ಆಗಾಗ ಒದ್ದೆಬಟ್ಟೆಯಿಂದ ಮೈ ಒರೆಸಿರಿ. ಹಸುಗೂಸಿಗೆ ಎದೆಹಾಲನ್ನೂ ದೊಡ್ಡ ಮಗುವಿಗೆ ನೀರನ್ನೂ ಪದೇ ಪದೇ ಕೊಡಿರಿ. ಮೈ ಸುಡುತ್ತಿದ್ದರೆ ಒದ್ದೆಬಟ್ಟೆ ಹಾಕಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಿರಿ. ವಿಷಯ ತಿಳಿದು ಎಚ್ಚರದಿಂದಿದ್ದ ಮನೆಯಲ್ಲಿ ಇಂಥ ಮಕ್ಕಳು ಬೆಳೆದು, ಓದಿ, ದುಡಿದು ಬಾಳುತ್ತಾರೆ. ಇಲ್ಲದ ಹಲ್ಲಿಗೆ ಬದಲಾಗಿ ಮೂರುನಾಲ್ಕು ವರ್ಷದ ಮಗುವಿಗೂ ಕಟ್ಟುಹಲ್ಲು ಮಾಡಿಕೊಡಲು ಸಾಧ್ಯವಿದೆ.

ಮತ್ತೊಂದು ಅತಿ ವಿರಳ ಸಂಗತಿ: ಮೇಲಿನ ಸಾಲಿನ ನಟ್ಟನಡುವೆ ಎರಡರ ಬದಲು ಒಂದೇ ಬಾಚಿಹಲ್ಲು ಇರುವುದು. ಇಂಥ ಮಗುವಿನ ಉಸಿರಾಟವನ್ನೂ ಎತ್ತರದ ಬೆಳವಣಿಗೆಯನ್ನೂ ಮಕ್ಕಳ ವೈದ್ಯರಿಂದ ಪರೀಕ್ಷೆ ಮಾಡಿಸತಕ್ಕದ್ದು.

ಹುಟ್ಟುವಾಗಲೇ ಹಲ್ಲಿದ್ದರೆ

ಸುಮಾರು ಎರಡು ಮೂರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹುಟ್ಟುವಾಗಲೇ ಹಲ್ಲಿರುತ್ತದೆ. ಅದು ಹೆಚ್ಚಾಗಿ ಕೆಳಗಿನ ನಡುವಣ ಹಲ್ಲು. ಸಣ್ಣದಾಗಿ, ಹಳದಿ ಛಾಯೆಯಲ್ಲಿ, ಕೆಲವೊಮ್ಮೆ ಚೂಪಾಗಿ ಕಾಣುತ್ತದೆ. ಇದನ್ನು ಕೆಡುಕೆಂದು ಭಾವಿಸಿ ಬೆರಳಿನಿಂದ ಕೀಳುವ ರೂಢಿ ಕೆಲವೆಡೆ ಉಂಟು. ಇದು ಅಪಾಯಕರ. ಹುಟ್ಟಿದ ಮೊದಲ ದಿನಗಳಲ್ಲಿ ಶಿಶುವಿನ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಆಸ್ಪತ್ರೆಯಲ್ಲಿ ಜನಿಸಿದ ಶಿಶುವಿಗೆ ಕೆ ಜೀವಸತ್ವದ ಚುಚ್ಚುಮದ್ದು ಕೊಡುವುದು ಈ ಕಾರಣಕ್ಕಾಗಿ. ಮೇಲಾಗಿ, ಇಂಥ ಹಲ್ಲು ಬಹುತೇಕ ನಿಜವಾದ ಹಾಲುಹಲ್ಲೇ. ಕಿತ್ತರೆ ಅದರ ಸ್ಥಳದಲ್ಲಿ ಬೇರೆ ಹಾಲುಹಲ್ಲು ಬರುವುದಿಲ್ಲ.

ಹಲ್ಲು ಗಟ್ಟಿಯಾಗಿದ್ದು ಮಗು ಹಾಲು ಕುಡಿಯುತ್ತಿದ್ದರೆ ಹಾಗೆಯೇ ಬಿಡಬಹುದು. ಬಹಳ ಅಲ್ಲಾಡುತ್ತಿದ್ದರೆ, ನಾಲಿಗೆಯ ಕೆಳಗೆ ಹುಣ್ಣಾಗಿದ್ದರೆ, ಎದೆಗೆ ಗಾಯವಾಗುತ್ತಿದ್ದರೆ ವೈದ್ಯರಲ್ಲಿಗೆ ಹೋಗಿರಿ. ಹೇಗೂ ಎದೆಹಾಲನ್ನು ನಿಲ್ಲಿಸಬೇಡಿರಿ.

ಬಿಡಬೇಕಾದ ತಪ್ಪು ನಂಬಿಕೆಗಳು

ಹುಟ್ಟುವಾಗಲೇ ಹಲ್ಲಿದ್ದರೆ ಮನೆಗೆ ಕೇಡು, ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು, ಜೋಡಿಹಲ್ಲಿನ ಮಗು ನತದೃಷ್ಟ ಎಂಬಂಥ ಮಾತುಗಳಿಗೆ ಆಧಾರವಿಲ್ಲ. ಇವುಗಳಿಂದ ಆಗುವ ನಿಜವಾದ ಕೇಡೆಂದರೆ ಮಗುವನ್ನು ಮರೆಮಾಡುವುದು. ಹನ್ನೆರಡನೆಯ ಶತಮಾನದಲ್ಲಿ ಹುಟ್ಟಿನ ಹೆಸರಿನಲ್ಲಿ ಮನುಷ್ಯರನ್ನು ಹೀನವಾಗಿ ಕಾಣಬಾರದೆಂದು ಶರಣರು ಸಾರಿದ ಕಲ್ಯಾಣದ ನೆಲವಿದು. ಹಲ್ಲಿನ ಆಕಾರಕ್ಕಾಗಿ ಒಂದು ಕೂಸನ್ನು ಹೀಗಳೆಯುವುದು ಈ ನೆಲಕ್ಕೆ ಒಪ್ಪುವ ಮಾತಲ್ಲ. ಶಾಲೆಯಲ್ಲಿ ಅಡ್ಡಹೆಸರಿಟ್ಟು ಕರೆಯುತ್ತಿದ್ದರೆ ಶಿಕ್ಷಕರಿಗೆ ತಿಳಿಸಿರಿ.

ರಕ್ತಸಂಬಂಧದಲ್ಲಿ ಮದುವೆಯಾದುದರಿಂದಲೇ ಎಲ್ಲ ಆಕಾರದೋಷಗಳು ಬರುತ್ತವೆಂಬುದೂ ಸರಿಯಲ್ಲ. ಆದರೆ ವಂಶದಿಂದ ಬರುವ ಕೆಲವು ದೋಷಗಳು ಅಂಥ ಮದುವೆಗಳಲ್ಲಿ ಹೆಚ್ಚಾಗಿ ಹೊರಬೀಳುತ್ತವೆ. ಕುಟುಂಬದಲ್ಲಿ ಹಲ್ಲು, ಕೂದಲು, ಬೆವರಿನ ಕೊರತೆಯುಳ್ಳವರಿದ್ದರೆ ಆ ಸಂಗತಿಯನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು.

ದಿನನಿತ್ಯದ ಆರೈಕೆ

ಯಾವ ಆಕಾರದ ಹಲ್ಲಾದರೂ ಶುಚಿಯಾಗಿದ್ದರೆ ಬಾಳುತ್ತದೆ. ಮೊದಲ ಹಲ್ಲು ಬಂದ ದಿನದಿಂದ ಬೆಳಿಗ್ಗೆ ಮತ್ತು ರಾತ್ರಿ ಮೃದುವಾದ ಕುಂಚದಿಂದ ತಿಕ್ಕಿರಿ. ಫ್ಲೋರೈಡ್ ಇರುವ ಪೇಸ್ಟನ್ನು ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಅನಂತರ ಬಟಾಣಿಕಾಳಿನಷ್ಟು ಹಾಕಿದರೆ ಸಾಕು, ನುಂಗಲು ಬಿಡಬಾರದು. ಇದ್ದಿಲು, ಇಟ್ಟಿಗೆಪುಡಿ, ಸುಟ್ಟ ತಂಬಾಕಿನ ಪುಡಿ ಇವನ್ನು ಮಗುವಿನ ಬಾಯಿಗೆ ಮುಟ್ಟಿಸಕೂಡದು. ಜೋಡಿಹಲ್ಲಿನ ಗೆರೆಯನ್ನು ಮೇಲಿಂದ ಕೆಳಕ್ಕೆ ತಿಕ್ಕಿರಿ. ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸಬೇಡಿರಿ.

ಎಲ್ಲಿಗೆ ಹೋಗಬೇಕು?

ಮೊದಲು ಆಶಾ ಕಾರ್ಯಕರ್ತೆಗೆ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಯ ವ್ಯವಸ್ಥೆಯಿದೆ. ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬರಬೇಕೆಂಬುದು ಅದರ ನಿಯಮ. ಹಲ್ಲಿನ ತೊಂದರೆಗಳೂ ಆ ತಪಾಸಣೆಯಲ್ಲಿ ಸೇರಿವೆ. ಅಂದು ನೀವು ಕಂಡುದನ್ನು ಬಾಯಿಬಿಟ್ಟು ಹೇಳಿರಿ. ಹಲವಾರು ಮಕ್ಕಳ ನಡುವೆ ಹಿಂಬದಿಯ ಕೊಕ್ಕೆ ತಂಡದವರ ಕಣ್ಣಿಗೆ ಬೀಳದೆ ಹೋಗಬಹುದು.

ಅಲ್ಲಿಂದ ಮುಂದೆ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಹೆಚ್ಚಿನ ಪರೀಕ್ಷೆ ಬೇಕಾದರೆ ದೂರದ ಊರಿಗೆ ಅಲೆಯಬೇಕಾಗಿಲ್ಲ. ಹುಮನಾಬಾದ್ ಮತ್ತು ಬೀದರ್‌ಗಳಲ್ಲಿ ದಂತವೈದ್ಯ ಮಹಾವಿದ್ಯಾಲಯಗಳಿವೆ. ಹುಲಸೂರು, ರಾಜೇಶ್ವರ, ಮಂಠಾಳ, ಹಳ್ಳಿಖೇಡ, ಚಿಟಗುಪ್ಪ ಕಡೆಯವರು ಒಂದು ದಿನದಲ್ಲಿ ಹೋಗಿ ಬರಬಹುದು. ಸುಗ್ಗಿ ಮುಗಿದ ಮೇಲೆ ಕೆಲಸಕ್ಕಾಗಿ ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಹೋಗುವ ದಂಪತಿಗಳು ಮಗುವಿನ ತಾಯಿ ಕಾರ್ಡನ್ನೂ ವೈದ್ಯರ ಚೀಟಿಯನ್ನೂ ಎಕ್ಸ್-ರೇಯನ್ನೂ ಜೊತೆಗೆ ಒಯ್ಯಬೇಕು.

ನೆನಪಿಡಬೇಕಾದ ಅಂಶಗಳು

1. ಹಾಲುಹಲ್ಲು 20. ಮೂರು ವರ್ಷಕ್ಕೆ ಎಣಿಸಿರಿ.
2. ತುಟಿ ಎತ್ತಿ ನೋಡಿರಿ. ಹಿಂಬದಿಯನ್ನು ಬೆರಳಿನಿಂದ ಮುಟ್ಟಿರಿ.
3. ಜೋಡಿಹಲ್ಲಿನ ಗೆರೆಯನ್ನು ಹುಳುಕಿಗೆ ಮೊದಲೇ ಮುಚ್ಚಿಸಿರಿ; ಐದಾರು ವರ್ಷಕ್ಕೆ ಎಕ್ಸ್-ರೇ ಬೇಕೆ ಎಂದು ವೈದ್ಯರನ್ನು ಕೇಳಿರಿ.
4. ಕೀಳಬೇಡಿರಿ, ಉಜ್ಜಬೇಡಿರಿ.
5. ಚೂಪುಹಲ್ಲು, ವಿರಳ ಕೂದಲು, ಬೆವರದ ಮೈ ಈ ಮೂರೂ ಒಟ್ಟಿಗಿದ್ದರೆ ಮಗುವನ್ನು ಬಿಸಿಲಿನಿಂದ ಕಾಪಾಡಿರಿ. ತಡಮಾಡದೆ ವೈದ್ಯರಿಗೆ ತೋರಿಸಿರಿ.

ಪ್ರಶ್ನೆಗಳು

1. ಜೋಡಿಹಲ್ಲನ್ನು ಒಂದೆಂದು ಹಿಡಿದು ಎಣಿಸಿದಾಗ ಕೆಳಸಾಲಿನಲ್ಲಿ 9 ಬಂದರೆ ಏನೆಂದು ತಿಳಿಯಬೇಕು?
2. ಹುಟ್ಟುವಾಗಲೇ ಇರುವ ಹಲ್ಲನ್ನು ಏಕೆ ಕೀಳಬಾರದು?
3. ಬೆವರದ ಮಗುವಿಗೆ ಜ್ವರ ಬಂದರೆ ಕಂಬಳಿ ಹೊದಿಸುವುದು ಏಕೆ ಅಪಾಯಕರ?
4. ನಿಮ್ಮ ಮಗುವಿನ ಬಾಯಲ್ಲಿ ಇಂದು ಎಷ್ಟು ಹಲ್ಲುಗಳಿವೆ? ಇಬ್ಬರೂ ಕುಳಿತು ಎಣಿಸಿ, ತಾಯಿ ಕಾರ್ಡಿನ ಖಾಲಿ ಸ್ಥಳದಲ್ಲಿ ದಿನಾಂಕದೊಡನೆ ಬರೆದಿಡಿರಿ.